ಟೊಮೆಟೊ ಎಲೆ ಸುಟ್ಟಂತಾದಾಗ: ಅಂಗಮಾರಿ ರೋಗವನ್ನು ಗುರುತಿಸಿ ಹಿಡಿತಕ್ಕೆ ತರುವ ಸಮಗ್ರ ಮಾರ್ಗದರ್ಶಿ

ಎರಡು ದಿನ ಸೋನೆ ಮಳೆ ಹಿಡಿದು ಬಿಟ್ಟಿದೆ. ಮೂರನೇ ದಿನ ಬೆಳಿಗ್ಗೆ ತೋಟಕ್ಕೆ ಹೋದರೆ ಟೊಮೆಟೊ ಸಾಲಿನ ಮೇಲೆ ಯಾರೋ ಬಿಸಿನೀರು ಚೆಲ್ಲಿದ ಹಾಗಿದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಔಷಧಿ ಅಂಗಡಿಗೆ ಓಡುತ್ತೇವೆ. ಅಂಗಡಿಯವರು ಫೋಟೊ ನೋಡಿ ಎರಡು ಪ್ಯಾಕೆಟ್ ಕೊಡುತ್ತಾರೆ, ಜೊತೆಗೊಂದು ಟಾನಿಕ್. ಸಂಜೆಯೇ ಹೊಡೆದು ಮುಗಿಸುತ್ತೇವೆ. ಐದು ದಿನ ಕಳೆಯುವಷ್ಟರಲ್ಲಿ ತೋಟ ಕಪ್ಪಗಾಗಿರುತ್ತದೆ.

ನಾನೂ ಹೀಗೆ ಒಂದು ಬೆಳೆ ಕಳೆದುಕೊಂಡವನೇ. ಅವತ್ತು ಗಿಡಕ್ಕೆ ಬಂದಿದ್ದು ಒಂದು ರೋಗ, ನಾನು ಹೊಡೆದಿದ್ದು ಅದಕ್ಕೆ ಸಂಬಂಧವೇ ಇಲ್ಲದ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ. ಔಷಧಿ ಕಲಬೆರಕೆ ಅಂತ ಅಂಗಡಿಯವರನ್ನು ಬೈದೆ. ಔಷಧಿ ಸರಿಯಾಗಿಯೇ ಇತ್ತು. ನಾನು ಎಲೆಯನ್ನು ತಿರುವಿ ನೋಡಿರಲಿಲ್ಲ, ಅಷ್ಟೇ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ಬೆಳೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಾಸನದ ಆಲೂಗಡ್ಡೆಗೂ ಇದರ ಬಹುಪಾಲು ಹೊಂದುತ್ತದೆ. ಈರುಳ್ಳಿಯ ಮಾತು ಕೊನೆಯ ಹತ್ತಿರ ಬರುತ್ತದೆ.

ಹೆಸರು ಒಂದೇ, ರೋಗ ಎರಡು

ನಾವು ಅಂಗಮಾರಿ ಅನ್ನುವುದು ಎರಡು ಬೇರೆ ಬೇರೆ ರೋಗಗಳಿಗೆ. ಒಂದು ಬೇಗ ಬರುವ ಅಂಗಮಾರಿ, ಅಂದರೆ ಮುಂಚಿನ ಅಂಗಮಾರಿ. ಇನ್ನೊಂದು ತಡವಾಗಿ ಬರುವ ಅಂಗಮಾರಿ, ಅಂದರೆ ತಡ ಅಂಗಮಾರಿ. ಈ ಹೆಸರುಗಳನ್ನು ನಂಬಿ ಕೂರಬೇಡಿ. ಹವಾಮಾನ ಕೂಡಿಬಂದರೆ ತಡ ಅಂಗಮಾರಿ ನಾಟಿ ಮಾಡಿದ ತಿಂಗಳೊಳಗೇ ಬರುತ್ತದೆ.

ಮುಂಚಿನ ಅಂಗಮಾರಿಗೆ ಕಾರಣ ಆಲ್ಟರ್ನೇರಿಯಾ ಎಂಬ ಶಿಲೀಂಧ್ರ. ಇದಕ್ಕೆ ಬೆಚ್ಚನೆಯ ಹವೆ ಬೇಕು. 24ರಿಂದ 29 ಡಿಗ್ರಿ, ಮಧ್ಯೆ ಮಧ್ಯೆ ಮಳೆ ಅಥವಾ ಜೋರು ಇಬ್ಬನಿ ಇದ್ದರೆ ಇದಕ್ಕೆ ಹಬ್ಬ. ಇದು ನಿಧಾನದ ರೋಗ. ಬುಡದ ಎಲೆಯಿಂದ ಮೆಟ್ಟಿಲು ಹತ್ತಿದಂತೆ ಮೇಲೇರುತ್ತದೆ. ನಿಮಗೆ ಯೋಚಿಸಲು ಸಮಯ ಕೊಡುತ್ತದೆ.

ತಡ ಅಂಗಮಾರಿ ಸಮಯ ಕೊಡುವುದಿಲ್ಲ. ಇದರ ಕಾರಣ ಫೈಟಾಫ್ತೊರಾ ಇನ್‌ಫೆಸ್ಟನ್ಸ್. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಳೆಸಿ ಆ ದೇಶವನ್ನು ಬರಗಾಲಕ್ಕೆ ದೂಡಿದ್ದು ಇದೇ ಜೀವಿ. ನಿಜ ಹೇಳಬೇಕೆಂದರೆ ಇದು ಶಿಲೀಂಧ್ರವೇ ಅಲ್ಲ. ನೀರಿನ ಪಾಚಿಗಳ ದೂರದ ನೆಂಟ, ನೋಡಲು ಮಾತ್ರ ಬೂಷ್ಟಿನ ಹಾಗೆ. ಇದು ಬರೀ ಪಾಠದ ಮಾತಲ್ಲ, ನಿಮ್ಮ ಜೇಬಿಗೆ ಸಂಬಂಧಪಟ್ಟಿದ್ದು. ಶಿಲೀಂಧ್ರವನ್ನು ಕೊಲ್ಲುವ ಎಷ್ಟೋ ಔಷಧಿಗಳು ಇದಕ್ಕೆ ತಾಗುವುದೇ ಇಲ್ಲ. ಕಾರ್ಬೆಂಡಜಿಮ್ ಹಾಗೆಯೇ. ತಮಾಷೆ ಅಂದರೆ ಮುಂಚಿನ ಅಂಗಮಾರಿಯ ಆಲ್ಟರ್ನೇರಿಯಾ ಮೇಲೂ ಅದರ ಆಟ ನಡೆಯುವುದಿಲ್ಲ. ಆದರೂ ಅಂಗಮಾರಿ ಅಂದ ಕೂಡಲೇ ನಮ್ಮ ಕೈ ಹೋಗುವುದು ಅದಕ್ಕೇ!

ಮೊದಲ ಹೆಜ್ಜೆ: ಬೆಳಿಗ್ಗೆ ಹೋಗಿ, ಎಲೆ ತಿರುವಿ

ಬಿಸಿಲೇರುವ ಮೊದಲು, ಎಲೆಯ ಮೇಲೆ ಇನ್ನೂ ಇಬ್ಬನಿ ಇರುವಾಗ ತೋಟಕ್ಕೆ ಹೋಗಿ. ಹತ್ತು ಗಂಟೆಯ ಮೇಲೆ ಹೋದರೆ ಮುಖ್ಯ ಸಾಕ್ಷಿ ಒಣಗಿ ಹೋಗಿರುತ್ತದೆ. ಬದುವಿನ ಮೇಲೆ ನಿಂತು ನೋಡಿದರೆ ಏನೂ ತಿಳಿಯದು. ಸಾಲುಗಳ ನಡುವೆ ಅಡ್ಡಾದಿಡ್ಡಿ ನಡೆದು, ಅಲ್ಲೊಂದು ಇಲ್ಲೊಂದರಂತೆ ಇಪ್ಪತ್ತು ಗಿಡ ನೋಡಿ. ತಗ್ಗು ಜಾಗ, ಮರದ ನೆರಳು ಬೀಳುವ ಮೂಲೆ, ಡ್ರಿಪ್ ಪೈಪು ಸೋರುವ ಕಡೆ ಇವನ್ನು ಬಿಡಬೇಡಿ. ರೋಗ ಮೊದಲು ಮನೆ ಮಾಡುವುದು ಅಲ್ಲೇ.

ಪ್ರತಿ ಗಿಡದಲ್ಲೂ ಬುಡದ ಎರಡು ಎಲೆ, ನಡುವಿನ ಒಂದು ಎಲೆ ಹಿಡಿದು ತಿರುವಿ.

ಕಂದು ಮಚ್ಚೆಯೊಳಗೆ ಒಂದರೊಳಗೊಂದು ಉಂಗುರ ಇದೆಯೇ? ಕಡಿದ ಮರದ ಬುಡದಲ್ಲಿ ಕಾಣುವ ಸುತ್ತುಗಳ ಹಾಗೆ? ಮಚ್ಚೆಯ ಸುತ್ತ ಹಳದಿ ಅಂಚು, ಮುಟ್ಟಿದರೆ ಒಣಗಿ ಗರಿಗರಿ, ಮೇಲಿನ ಎಲೆಗಳು ಹಸಿರು? ಹಾಗಿದ್ದರೆ ಮುಂಚಿನ ಅಂಗಮಾರಿ. ಕಾಂಡದ ಮೇಲೂ ಉದ್ದನೆಯ ಕಂದು ಗಾಯ ಇರಬಹುದು. ಕಾಯಿಗೆ ಬಂದರೆ ತೊಟ್ಟಿನ ಪಕ್ಕದಲ್ಲಿ ಚರ್ಮದಂಥ ಕಪ್ಪು ಕುಳಿ ಬೀಳುತ್ತದೆ, ಅದರಲ್ಲೂ ಉಂಗುರ ಕಾಣುತ್ತದೆ.

ಉಂಗುರವಿಲ್ಲದೆ, ಆಕಾರವಿಲ್ಲದೆ, ಎಣ್ಣೆ ಅಥವಾ ನೀರು ಹೀರಿದಂತೆ ಬೂದು ಹಸಿರು ಮಚ್ಚೆ ಇದೆಯೇ? ಎಲೆಯ ತುದಿ ಅಥವಾ ಅಂಚಿನಿಂದ ಒಳಗೆ ಹರಡಿದೆಯೇ? ತಿರುವಿದಾಗ ಮಚ್ಚೆಯ ಅಂಚಿನಲ್ಲಿ ತೆಳ್ಳಗೆ ಬಿಳಿ ಬೂಷ್ಟು ಕಂಡಿತೇ? ಅದು ತಡ ಅಂಗಮಾರಿ. ಕಾಂಡ, ತೊಟ್ಟು ಕಂದುಗಪ್ಪಾಗುತ್ತವೆ. ಕಾಯಿಯ ಮೇಲೆ ಕಂದು ಬಣ್ಣದ ಜಿಡ್ಡು ಜಿಡ್ಡಾದ ಪಟ್ಟೆ, ಒತ್ತಿದರೆ ಗಟ್ಟಿ. ದೊಡ್ಡದಾಗಿ ಹತ್ತಿದ ತೋಟದಲ್ಲಿ ಕೊಳೆತ ವಾಸನೆ ದೂರದಿಂದಲೇ ಮೂಗಿಗೆ ಬಡಿಯುತ್ತದೆ. ಮೂಗಿಗೆ ಬಡಿಯುವ ಹೊತ್ತಿಗೆ ನೀವು ತಡ ಮಾಡಿದ್ದೀರಿ ಎಂದರ್ಥ.

ಅನುಮಾನ ಇದ್ದರೆ ಒಂದು ರಾತ್ರಿ ಕಾಯಿರಿ

ಕೆಲವು ಸಲ ಬಿಳಿ ಬೂಷ್ಟು ಕಾಣುವುದಿಲ್ಲ. ಆಗ ಒಂದು ಸುಲಭದ ಪರೀಕ್ಷೆ ಇದೆ. ಮಚ್ಚೆ ಇರುವ ನಾಲ್ಕಾರು ಎಲೆ ಕಿತ್ತು, ಒದ್ದೆ ಮಾಡಿ ಹಿಂಡಿದ ಟಿಶ್ಯೂ ಅಥವಾ ಹತ್ತಿ ಬಟ್ಟೆಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಡಿ. ಎಲೆಯ ಹಿಂಬದಿ ಮೇಲೆ ಬರಲಿ. ಸ್ವಲ್ಪ ಗಾಳಿ ತುಂಬಿ ಬಾಯಿ ಕಟ್ಟಿ, ಮನೆಯ ತಂಪು ಮೂಲೆಯಲ್ಲಿ ರಾತ್ರಿಯಿಡೀ ಬಿಡಿ. ಬಿಸಿಲಿಗೆ ಇಡಬೇಡಿ, ಎಲೆ ಬೆಂದು ಹೋಗುತ್ತದೆ. ಬೆಳಿಗ್ಗೆ ಮಚ್ಚೆಯ ಅಂಚಿನಲ್ಲಿ ಹಿಮದ ಹುಡಿಯಂತೆ ಬಿಳಿ ಬೆಳೆದಿದ್ದರೆ ತಡ ಅಂಗಮಾರಿ. ಏನೂ ಬೆಳೆಯದೆ ಉಂಗುರದ ಕಂದು ಮಚ್ಚೆ ಹಾಗೇ ಇದ್ದರೆ, ಅಥವಾ ಅದರ ಮೇಲೆ ಕಪ್ಪು ಧೂಳಿನಂಥದ್ದು ಬಂದಿದ್ದರೆ ಮುಂಚಿನದು.

ಅಂಗಮಾರಿಯಂತೆ ಕಂಡು ಮೋಸ ಮಾಡುವ ಇನ್ನೂ ಕೆಲವಿವೆ. ನಮ್ಮಲ್ಲಿ ಊಜಿ ಎಂದು ಕರೆಯುವ ಟೂಟಾ ಹುಳು ಎಲೆಯ ಒಳಗೆ ಕೊರೆದು ತಿಂದರೆ ಅದೂ ಸುಟ್ಟಂತೆಯೇ ಕಾಣುತ್ತದೆ. ಎಲೆಯನ್ನು ಬೆಳಕಿಗೆ ಹಿಡಿಯಿರಿ. ಪೊರೆಯ ಒಳಗೆ ಹುಳುವೋ ಅದರ ಕಪ್ಪು ಹಿಕ್ಕೆಯೋ ಕಂಡರೆ ಶಿಲೀಂಧ್ರನಾಶಕದ ಕೆಲಸ ಅಲ್ಲಿಲ್ಲ. ಥ್ರಿಪ್ಸ್ ನುಸಿ ಹರಡುವ ಮೊಗ್ಗು ಸಾಯುವ ನಂಜುರೋಗ ಇನ್ನೊಂದು. ಅದು ಬುಡದಿಂದಲ್ಲ, ಕುಡಿಯಿಂದ ಶುರುವಾಗುತ್ತದೆ. ಎಳೆ ಎಲೆ ತಾಮ್ರದ ಬಣ್ಣಕ್ಕೆ ತಿರುಗಿ, ಕುಡಿ ಒಣಗಿ, ಹಣ್ಣಿನ ಮೇಲೆ ಹಳದಿ ಉಂಗುರ ಮೂಡುತ್ತದೆ. ಅಂಥ ಗಿಡವನ್ನು ಕಿತ್ತು ಹಾಕುವುದೇ ದಾರಿ. ಬ್ಯಾಕ್ಟೀರಿಯಾದ ಚುಕ್ಕೆಗಳು ಸಾಸಿವೆ ಕಾಳಿನಷ್ಟು ಸಣ್ಣವು, ಕಪ್ಪು, ಉಂಗುರ ಇರದು. ನಿನ್ನೆ ಮಧ್ಯಾಹ್ನದ ಬಿಸಿಲಿನಲ್ಲಿ ಮೂರು ನಾಲ್ಕು ಔಷಧಿ ಬೆರೆಸಿ ಹೊಡೆದಿದ್ದರೆ, ಇವತ್ತಿನ ಸುಟ್ಟ ಗಾಯ ನಿಮ್ಮದೇ ಕೊಡುಗೆಯೂ ಇರಬಹುದು ಅಲ್ವಾ?

ಇಷ್ಟರ ಮೇಲೂ ಗೊತ್ತಾಗದಿದ್ದರೆ ಬೇರು ಸಮೇತ ಒಂದು ಗಿಡ ಕಿತ್ತು, ಒಣ ಪೇಪರಿನಲ್ಲಿ ಸುತ್ತಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಒಯ್ಯಿರಿ. ದೂರ ಒಯ್ಯುವಾಗ ಒದ್ದೆ ಪ್ಲಾಸ್ಟಿಕ್ ಕವರ್ ಬೇಡ, ದಾರಿಯಲ್ಲೇ ಕೊಳೆಯುತ್ತದೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಆಕಾಶ ನೋಡಿ ಲೆಕ್ಕ ಹಾಕಿ

ತಡ ಅಂಗಮಾರಿ ಬರುವ ಮುನ್ನ ಹವೆ ಸುಳಿವು ಕೊಡುತ್ತದೆ. ಬ್ರಿಟನ್ನಿನಲ್ಲಿ ಆಲೂಗಡ್ಡೆಗಾಗಿ 2017ರಿಂದ ಹಟನ್ ಸೂತ್ರ ಎಂಬ ಲೆಕ್ಕ ಬಳಸುತ್ತಾರೆ. ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯದೆ, ದಿನಕ್ಕೆ ಕನಿಷ್ಠ 6 ಗಂಟೆ ಗಾಳಿಯ ತೇವ ಶೇ 90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಎಚ್ಚರಿಕೆ. ನಮ್ಮ ಬಯಲುಸೀಮೆಯಲ್ಲಿ ರಾತ್ರಿ 10 ಡಿಗ್ರಿಗೆ ಇಳಿಯುವುದೇ ಅಪರೂಪ. ಹಾಗಾಗಿ ಮೊದಲ ಷರತ್ತು ನಮಗೆ ಯಾವಾಗಲೂ ಪೂರೈಸಿದಂತೆಯೇ. ನಾವು ನೋಡಬೇಕಾದ್ದು ತೇವವನ್ನು. ಎರಡು ದಿನ ಸೂರ್ಯ ಕಾಣದೆ, ಹಗಲು 20 ಡಿಗ್ರಿ ಆಸುಪಾಸಿನಲ್ಲಿ ತಂಪಾಗಿ, ಎಲೆ ಹತ್ತು ಗಂಟೆಯಾದರೂ ಆರದಿದ್ದರೆ ರೋಗ ಕಾಣಲಿ ಬಿಡಲಿ, ರಕ್ಷಣೆಯ ಸ್ಪ್ರೇ ಆಗಿರಬೇಕು. ಆಷಾಢದ ಜಡಿ ಮಳೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ನವೆಂಬರಿನಲ್ಲಿ ಹಿಡಿಯುವ ಮೋಡ, ಇವೆರಡೂ ಅಪಾಯದ ದಿನಗಳು.

ಈ ಜೀವಿ ಎಲೆಗೆ ಹೊಕ್ಕ ನಾಲ್ಕೈದು ದಿನದಲ್ಲೇ ಹೊಸ ಬೀಜಕಣ ಉದುರಿಸಲು ಶುರು ಮಾಡುತ್ತದೆ. ಇವತ್ತು ಹತ್ತು ಮಚ್ಚೆ ಕಂಡರೆ, ಕಣ್ಣಿಗೆ ಕಾಣದೆ ಎಲೆಯೊಳಗೆ ಕೂತಿರುವುದು ಅದರ ಎಷ್ಟೋ ಪಟ್ಟು.

ಕಂಡ ದಿನವೇ ಮಾಡಬೇಕಾದ್ದು

ಮೊದಲು ತುಂತುರು ನೀರಾವರಿ ನಿಲ್ಲಿಸಿ. ಸಂಜೆ ನೀರು ಕೊಡುವುದೂ ಬೇಡ. ಬೆಳಿಗ್ಗೆ, ಬುಡಕ್ಕೆ ಮಾತ್ರ.

ಎಲೆ ಆರಿದ ಮೇಲೆ ರೋಗದ ಎಲೆಗಳನ್ನು ಕತ್ತರಿಸಿ. ಒದ್ದೆ ಗಿಡದೊಳಗೆ ಓಡಾಡಿದರೆ ನಿಮ್ಮ ಅಂಗಿ, ಕೈಗಳೇ ರೋಗವನ್ನು ಸಾಲಿನಿಂದ ಸಾಲಿಗೆ ಹೊರುತ್ತವೆ. ಕತ್ತರಿಸಿದ್ದನ್ನು ನೇರವಾಗಿ ಚೀಲಕ್ಕೆ ಹಾಕಿ, ತೋಟದ ಹೊರಗೆ ಗುಂಡಿ ತೋಡಿ ಹೂಳಿ. ಬದುವಿಗೆ ಎಸೆಯುವುದು, ಕಾಲುವೆಗೆ ಬಿಡುವುದು, ತಿಪ್ಪೆಗೆ ಹಾಕುವುದು ಮೂರೂ ತಪ್ಪು. ತಡ ಅಂಗಮಾರಿ ಒಂದು ಮೂಲೆಯ ಐದಾರು ಗಿಡದಲ್ಲಷ್ಟೇ ಇದ್ದರೆ ಎಲೆ ಕೀಳುತ್ತಾ ಕೂರಬೇಡಿ, ಗಿಡಗಳನ್ನೇ ತೆಗೆಯಿರಿ. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಆರು ಗಿಡ ಉಳಿಸಲು ಹೋಗಿ ಆರು ಸಾವಿರ ಗಿಡ ಕಳೆದುಕೊಂಡವರಿದ್ದಾರೆ. ಆ ದಿನ ರೋಗವಿಲ್ಲದ ಭಾಗದ ಕೆಲಸ ಮೊದಲು ಮುಗಿಸಿ, ರೋಗದ ಭಾಗಕ್ಕೆ ಕೊನೆಗೆ ಹೋಗಿ. ಕತ್ತರಿ, ಕೈ ಸೋಪಿನಲ್ಲಿ ತೊಳೆಯಿರಿ.

ಗೊಬ್ಬರದ ವಿಚಾರದಲ್ಲಿ ಎರಡು ರೋಗಗಳ ನಡತೆ ಉಲ್ಟಾ. ಯೂರಿಯಾ ಜಾಸ್ತಿಯಾಗಿ ಪೊದೆಯಂತೆ ಬೆಳೆದ ಮೆದು ಗಿಡ ತಡ ಅಂಗಮಾರಿಗೆ ಇಷ್ಟ. ಹೊಟ್ಟೆಗಿಲ್ಲದೆ ಸೊರಗಿದ, ಕಾಯಿ ಹೊತ್ತು ಸುಸ್ತಾದ ಗಿಡ ಮುಂಚಿನ ಅಂಗಮಾರಿಗೆ ಇಷ್ಟ. ಮೊದಲನೆಯದರಲ್ಲಿ ಸಾರಜನಕ ನಿಲ್ಲಿಸಿ. ಎರಡನೆಯದರಲ್ಲಿ ಹದವಾಗಿ ಕೊಡಿ.

ಔಷಧಿ: ಯಾವುದು, ಎಷ್ಟು, ಹೇಗೆ

ಸತ್ತ ಎಲೆ ಯಾವ ಔಷಧಿಯಿಂದಲೂ ಮತ್ತೆ ಹಸಿರಾಗುವುದಿಲ್ಲ. ಔಷಧಿ ಕಾಯುವುದು ಉಳಿದ ಎಲೆಯನ್ನು. ಇದನ್ನು ಒಪ್ಪಿಕೊಂಡರೆ ಅರ್ಧ ಗಾಬರಿ ಇಳಿಯುತ್ತದೆ.

ಎಲೆಯ ಮೇಲೆ ಪದರದಂತೆ ಕೂತು ಕಾಯುವವು ಒಂದು ಬಗೆ. ಮ್ಯಾಂಕೊಜೆಬ್ 75 ಪುಡಿ (ಹೆಸರಿನ ಪಕ್ಕದ ಅಂಕಿ ಅಂದರೆ ಶೇಕಡಾ ಎಷ್ಟು ಔಷಧಿ ಇದೆ ಎಂಬುದು) ಲೀಟರ್ ನೀರಿಗೆ 2ರಿಂದ 2.5 ಗ್ರಾಂ, ಅಥವಾ ಕ್ಲೋರೋಥಲೋನಿಲ್ 75 ಪುಡಿ 2 ಗ್ರಾಂ, ಅಥವಾ ಕಾಪರ್ ಆಕ್ಸಿಕ್ಲೋರೈಡ್ 3 ಗ್ರಾಂ. ಎರಡೂ ಅಂಗಮಾರಿಗೆ ಆಗುತ್ತವೆ, ಅಗ್ಗವೂ ಹೌದು. ಆದರೆ ರೋಗ ಬರುವ ಮೊದಲೇ ಎಲೆಯ ಮೇಲಿರಬೇಕು. ಜೋರು ಮಳೆಗೆ ತೊಳೆದು ಹೋಗುತ್ತವೆ. ಒಣ ದಿನಗಳಲ್ಲಿ 10 ದಿನಕ್ಕೊಮ್ಮೆ, ಮಳೆ ದಿನಗಳಲ್ಲಿ 5ರಿಂದ 7 ದಿನಕ್ಕೊಮ್ಮೆ.

ಎಲೆಯ ಒಳಗೆ ಇಳಿದು ಕೆಲಸ ಮಾಡುವವು ಇನ್ನೊಂದು ಬಗೆ. ಮುಂಚಿನ ಅಂಗಮಾರಿ ಹತ್ತಿದ್ದರೆ ಅಜಾಕ್ಸಿಸ್ಟ್ರೋಬಿನ್ 23 ದ್ರಾವಣ ಲೀಟರಿಗೆ 1 ಮಿಲಿ, ಅಥವಾ ಅಜಾಕ್ಸಿಸ್ಟ್ರೋಬಿನ್ ಮತ್ತು ಡೈಫೆನೊಕೊನಜೋಲ್ ಸೇರಿಸಿದ ಔಷಧಿ 1 ಮಿಲಿ. ತಡ ಅಂಗಮಾರಿಗೆ ಸೈಮೋಕ್ಸಾನಿಲ್ 8 ಮತ್ತು ಮ್ಯಾಂಕೊಜೆಬ್ 64 ಸೇರಿದ ಪುಡಿ 3 ಗ್ರಾಂ. ಆಲೂಗಡ್ಡೆಯಲ್ಲಿ ಡೈಮೆಥೊಮಾರ್ಫ್ 50 ಪುಡಿ 1 ಗ್ರಾಂ, ಮ್ಯಾಂಕೊಜೆಬ್ ಜೊತೆ. ಪ್ಯಾಕೆಟ್ಟಿನ ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರು ಇದೆಯೇ, ಅಳತೆ ಎಷ್ಟು ಎಂದು ಓದಿಯೇ ಕೊಳ್ಳಿ. ಲೇಬಲ್ ಒಂದು ಹೇಳಿ ನಾನೊಂದು ಹೇಳಿದ್ದರೆ ಲೇಬಲ್ಲೇ ಸರಿ.

ಮೆಟಲಾಕ್ಸಿಲ್ ಬಗ್ಗೆ ಒಂದು ಮಾತು. ಹಿಂದೆ ತಡ ಅಂಗಮಾರಿಗೆ ಅದೇ ರಾಮಬಾಣ. ಆದರೆ ಕಳೆದ ಹದಿನೈದು ವರ್ಷಗಳಿಂದೀಚೆಗೆ ದಕ್ಷಿಣ ಭಾರತದ ಟೊಮೆಟೊದಲ್ಲಿ 13ಎ2 ಎಂಬ ಹೊಸ ತಳಿಯ ಫೈಟಾಫ್ತೊರಾ ಬೇರೂರಿದೆ. ಯುರೋಪಿನಲ್ಲೂ ಹಾವಳಿ ಮಾಡಿದ ತಳಿ ಅದು. ಅದಕ್ಕೆ ಮೆಟಲಾಕ್ಸಿಲ್ ನಾಟುವುದಿಲ್ಲ. "ಅಪ್ಪನ ಕಾಲದಲ್ಲಿ ಒಂದೇ ಸ್ಪ್ರೇಗೆ ನಿಲ್ಲುತ್ತಿತ್ತು, ಈಗ ನಾಲ್ಕು ಹೊಡೆದರೂ ಇಲ್ಲ" ಎನ್ನುವವರ ಅನುಭವಕ್ಕೆ ಇದೂ ಒಂದು ಕಾರಣ. ಒಳಗಿಳಿಯುವ ಯಾವ ಔಷಧಿಯನ್ನೂ ಬೆನ್ನು ಬೆನ್ನಿಗೆ ಹೊಡೆಯಬೇಡಿ. ಒಂದು ಸಲ ಅದು, ಮುಂದಿನ ಸಲ ಬೇರೆ ಗುಂಪಿನದು, ನಡುವೆ ಮ್ಯಾಂಕೊಜೆಬ್‌ನಂಥ ಪದರದ ಔಷಧಿ. ಹಾಗಂತ ಬರೀ ಬ್ರ್ಯಾಂಡ್ ಬದಲಿಸಿದರೆ ಸಾಲದು. ಎರಡು ಹೆಸರಿನ ಡಬ್ಬಿಗಳ ಒಳಗೆ ಒಂದೇ ಔಷಧಿ ಇರುತ್ತದೆ. ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು ನೋಡಿ.

ಹೊಡೆಯುವ ಬಗೆಯಲ್ಲೇ ಜಾಸ್ತಿ ಜನ ಸೋಲುವುದು. ಎಕರೆಗೆ ಕನಿಷ್ಠ 200 ಲೀಟರ್ ನೀರು ಬೇಕು. ಕಡ್ಡಿ ಕಟ್ಟಿ ಎತ್ತರ ಬೆಳೆದ ಗಿಡಕ್ಕೆ ಇನ್ನೂ ಬೇಕಾಗಬಹುದು. ನಾಜಲ್ ಕೆಳಗಿನಿಂದ ಮೇಲಕ್ಕೆ ತಿರುಗಿರಲಿ, ಎಲೆಯ ಹಿಂಬದಿ ಮತ್ತು ಗಿಡದ ಒಡಲು ಒದ್ದೆಯಾಗಬೇಕು. ಮೇಲಿಂದ ಸುಮ್ನೆ ಚಿಮುಕಿಸಿದರೆ ಕ್ಯಾಮೆರಾಕ್ಕೆ ಚೆಂದ, ಗಿಡಕ್ಕೆ ಪ್ರಯೋಜನವಿಲ್ಲ. ಗಾಳಿ ಇಲ್ಲದ ಬೆಳಿಗ್ಗೆ, ಎಲೆ ಆರಿದ ಮೇಲೆ ಹೊಡೆಯಿರಿ. ಮಾಸ್ಕ್, ಕೈಗವಸು, ತುಂಬು ತೋಳಿನ ಅಂಗಿ ಇರಲಿ. ಟೊಮೆಟೊ ಮೂರು ನಾಲ್ಕು ದಿನಕ್ಕೊಮ್ಮೆ ಕೊಯ್ಯುವ ಬೆಳೆ. ಹಾಗಾಗಿ ಹಣ್ಣಾದದ್ದನ್ನೆಲ್ಲ ಮೊದಲು ಕೊಯ್ದು ಆಮೇಲೆ ಸ್ಪ್ರೇ ಮಾಡಿ. ಮತ್ತೆ ಕೊಯ್ಯಲು ಎಷ್ಟು ದಿನ ಕಾಯಬೇಕೆಂದು ಲೇಬಲ್ಲಿನಲ್ಲಿದೆ. ಬೆಳಿಗ್ಗೆ ಹೊಡೆದು ಸಂಜೆ ಬಾಕ್ಸ್ ತುಂಬಿಸಿದರೆ ಆ ವಿಷ ಯಾರದೋ ಮನೆಯ ಸಾರಿಗೆ ಹೋಗುತ್ತದೆ.

ಮಲೆನಾಡಿನಿಂದ ಕಲಿಯಬಹುದಾದ ಒಂದು ಮದ್ದು

ಅಡಿಕೆಯ ಕೊಳೆರೋಗ ತಂದೊಡ್ಡುವುದೂ ಇನ್ನೊಂದು ಫೈಟಾಫ್ತೊರಾ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ಮಲೆನಾಡಿನವರ ಪಾಲಿಗೆ ಇದು ಇಂದಿಗೂ ಮನೆಮದ್ದಿನಷ್ಟೇ ಪರಿಚಿತ. ತರಕಾರಿಯವರು ಮಾತ್ರ ಯಾಕೋ ಮರೆತಿದ್ದಾರೆ.

ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಒಳ್ಳೆಯ ಸುಟ್ಟ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಗೋಣಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೀರಿಗೆ ಇಳಿಬಿಟ್ಟರೆ ತಾನೇ ಕರಗುತ್ತದೆ. ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ನೀರು ಚಿಮುಕಿಸಿ ಅರಳಿಸಿ, 50 ಲೀಟರ್ ಮಾಡಿ ಸೋಸಿ. ಎಲ್ಲಕ್ಕೂ ಪ್ಲಾಸ್ಟಿಕ್ ಡ್ರಮ್ಮೇ ಇರಲಿ, ಕಬ್ಬಿಣ, ತಗಡು ಬೇಡ. ನಂತರ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಆಕಾಶ ನೀಲಿ ಬಣ್ಣ ಬರಬೇಕು. ಉಜ್ಜಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕಲೆ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಮಾಡಿದ ದಿನವೇ ಖಾಲಿ ಮಾಡಿ, ನಾಳೆಗೆ ಅದು ಬರೀ ಬಣ್ಣದ ನೀರು.

ಎಳೆ ಟೊಮೆಟೊ ಗಿಡಕ್ಕೆ ಶೇ 1 ಖಾರವಾಗಬಹುದು. ಶೇ 0.5 ಮಾಡಿ, ಮೊದಲು ಹತ್ತು ಗಿಡಕ್ಕೆ ಹೊಡೆದು ಎರಡು ದಿನ ನೋಡಿ. ಎಲೆ ಆರಲು ಬಿಸಿಲೇ ಇಲ್ಲದ ದಿನ ಇದನ್ನು ಹೊಡೆದರೆ ಎಲೆ ಸುಡುವ ಸಾಧ್ಯತೆ ಜಾಸ್ತಿ.

ಈರುಳ್ಳಿ, ಆಲೂಗಡ್ಡೆಗೆ ಬೇರೆ ಜಾಗ್ರತೆ

ಚಿತ್ರದುರ್ಗ, ಗದಗದ ಕಡೆ ಮಳೆಗಾಲದ ಈರುಳ್ಳಿಗೆ ಬರುವ ನೇರಳೆ ಮಚ್ಚೆ ರೋಗವೂ ಆಲ್ಟರ್ನೇರಿಯಾ ಕುಟುಂಬದ್ದೇ. ಮಚ್ಚೆಯ ನಡು ನೇರಳೆ, ಸುತ್ತ ಹಳದಿ. ಈರುಳ್ಳಿ ಎಲೆಗೆ ಮೇಣದ ಲೇಪ ಇರುವುದರಿಂದ ಔಷಧಿ ಮುತ್ತಿನಂತೆ ಜಾರಿ ಬೀಳುತ್ತದೆ. ಅಂಟು ದ್ರಾವಣ ಬೆರೆಸದೆ ಹೊಡೆದರೆ ನೆಲಕ್ಕೆ ಹೊಡೆದ ಹಾಗೆ.

ಆಲೂಗಡ್ಡೆಯಲ್ಲಿ ಎಲೆಯಿಂದ ತೊಳೆದು ಬಿದ್ದ ಬೀಜಕಣ ಗೆಡ್ಡೆಗೂ ಇಳಿಯುತ್ತದೆ. ಬುಡಕ್ಕೆ ದಪ್ಪಗೆ ಮಣ್ಣು ಏರಿಸಿ. ರೋಗ ಹತ್ತಿದ ಹೊಲದಲ್ಲಿ ಗೆಡ್ಡೆ ಕೀಳುವ ಹತ್ತು ಹದಿನೈದು ದಿನ ಮೊದಲೇ ಗಿಡದ ಮೇಲ್ಭಾಗ ಕತ್ತರಿಸಿ ಹೊರ ಸಾಗಿಸಿ.

ಮುಂದಿನ ಬೆಳೆಗೆ ಈಗಲೇ

ಅಂಗಮಾರಿ ತಡೆಯುವ ಅರ್ಧ ಕೆಲಸ ನಾಟಿಗೆ ಮೊದಲೇ ಮುಗಿಯಬೇಕು. ಟೊಮೆಟೊ ಕಿತ್ತ ಜಾಗಕ್ಕೆ ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಹಾಕಿದರೆ ಬೆಳೆ ಬದಲಿಸಿದಂತಲ್ಲ, ಎಲ್ಲಾ ಒಂದೇ ಬಳಗ. ಎರಡು ವರ್ಷ ರಾಗಿ, ಜೋಳ, ಅವರೆ, ಅಲಸಂದೆ ಬರಲಿ.

ತಳಿ ಆರಿಸುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನೂ ನೋಡಿ. ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಎಲೆ ಮುದುಡು ನಂಜು, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿ ಮೂರನ್ನೂ ತಡೆಯುತ್ತವೆ. ಆಮೇಲೆ ಬಂದ ಅರ್ಕಾ ಅಭೇದ್ ಇವುಗಳ ಜೊತೆ ತಡ ಅಂಗಮಾರಿಯನ್ನೂ ತಡೆಯುತ್ತದೆ. ತಡೆಯುತ್ತದೆ ಎಂದರೆ ರೋಗವೇ ಬಾರದು ಅಂತಲ್ಲ, ಸ್ಪ್ರೇ ಕಡಿಮೆ ಸಾಕು ಅಂತ. ಮನೆಯ ಬೀಜವಾದರೆ 50 ಡಿಗ್ರಿ ಬಿಸಿನೀರಿನಲ್ಲಿ 25 ನಿಮಿಷ ಇಟ್ಟು, ತಣ್ಣೀರಿಗೆ ಅದ್ದಿ, ನೆರಳಲ್ಲಿ ಒಣಗಿಸಿ ಬಿತ್ತಿ. ಇದಕ್ಕೆ ಥರ್ಮಾಮೀಟರ್ ಬೇಕೇ ಬೇಕು, ಕೈಯಲ್ಲಿ ಮುಟ್ಟಿ ಅಂದಾಜು ಮಾಡಿದರೆ ಬೀಜ ಬೆಂದೀತು. ಮಲ್ಚಿಂಗ್ ಪೇಪರ್ ಹಾಸಿದರೆ ಮಳೆಹನಿಗೆ ಮಣ್ಣು ಸಿಡಿದು ಬುಡದ ಎಲೆಗೆ ಮೆತ್ತುವುದು ನಿಲ್ಲುತ್ತದೆ. ಕಡ್ಡಿ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬುಡದಿಂದ ಒಂದು ಅಡಿಯವರೆಗಿನ ಎಲೆ ತೆಗೆದರೆ ಗಾಳಿ ಆಡುತ್ತದೆ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಮಣ್ಣಿಗೆ ಕೊಡಿ, ಒಳ್ಳೆಯದೇ. ಎಲೆಗೆ ಹತ್ತಿದ ತಡ ಅಂಗಮಾರಿಯನ್ನು ಅದು ಓಡಿಸುತ್ತದೆ ಎಂದು ಯಾರಾದರೂ ಮಾರಲು ಬಂದರೆ ಮಾತ್ರ ನಂಬಬೇಡಿ.

ಕೊನೆಯದು ನಾವು ಯಾರೂ ಮಾತಾಡದ ವಿಷಯ. ರೇಟು ಬಿದ್ದಾಗ ಕೊಯ್ಲಿನ ಕೂಲಿಯೂ ಗಿಟ್ಟುವುದಿಲ್ಲ ಅಂತ ತೋಟವನ್ನು ಹಾಗೇ ಬಿಟ್ಟುಬಿಡುತ್ತೇವೆ. ಸ್ಪ್ರೇ ನಿಲ್ಲುತ್ತದೆ, ಗಿಡ ಮಾತ್ರ ತಿಂಗಳುಗಟ್ಟಲೆ ನಿಂತಿರುತ್ತದೆ. ಸುತ್ತಲಿನ ತೋಟಗಳಿಗೆಲ್ಲ ಅಲ್ಲಿಂದಲೇ ಗಾಳಿಯಲ್ಲಿ ಬೀಜಕಣ ಹೋಗುತ್ತದೆ. ರಸ್ತೆ ಬದಿ ಸುರಿದ ಹಣ್ಣಿನಿಂದ ಹುಟ್ಟುವ ಗಿಡಗಳದ್ದೂ ಇದೇ ಕಥೆ. ಬೆಳೆ ಕೈಬಿಟ್ಟ ವಾರದಲ್ಲೇ ಟ್ರ್ಯಾಕ್ಟರ್ ಹೊಡೆಸಿ, ಗಿಡಗಳನ್ನು ಮಣ್ಣಿನೊಳಗೆ ಪೂರ್ತಿ ಮುಚ್ಚಿ. ಪಕ್ಕದವರ ತೋಟ ಹಾಗೆ ನಿಂತಿದ್ದರೆ ಜಗಳಕ್ಕೆ ಹೋಗಬೇಡಿ. ಟ್ರ್ಯಾಕ್ಟರ್ ಬಾಡಿಗೆಯಲ್ಲಿ ಅರ್ಧ ನಾನು ಕೊಡುತ್ತೇನೆ ಅನ್ನಿ. ಎರಡು ಸ್ಪ್ರೇಗೆ ಆಗುವ ಖರ್ಚಿಗಿಂತ ಅದು ಕಡಿಮೆಯೇ.